ಎರಡನೆಯ ರೀಲಿನ ದನಿ

ಅಮ್ಮ ಆವತ್ತು ಬೆಳಿಗ್ಗೆ ಆರು ಗಂಟೆಗೇ ಎದ್ದು, ತಲೆ ಬಾಚಿಕೊಂಡು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟಿದ್ದಳು. ಯಾರೋ ಕರೆದುಕೊಂಡು ಹೋಗಲು ಬರುತ್ತಾರೆ ಎನ್ನುವ ಹಾಗೆ ಕೈಚೀಲವನ್ನೂ ತೊಡೆಯ ಮೇಲಿಟ್ಟುಕೊಂಡಿದ್ದಳು. ಅದರಲ್ಲಿ ಮಾತ್ರೆ ಡಬ್ಬಿ, ಒಂದು ಕರ್ಚೀಫು ಬಿಟ್ಟರೆ ಬೇರೇನೂ ಇರುವುದಿಲ್ಲವೆಂದು ಮಗಳಿಗೆ ಗೊತ್ತು. ಎಲ್ಲಿಗೆ ಹೊರಟೆ ಎಂದು ಅವಳು ಕೇಳಲಿಲ್ಲ. ಕೇಳಿದರೆ ಮಾತು ನೆಟ್ಟಗೆ ಅಲ್ಲಿಗೇ ಹೋಗುತ್ತಿತ್ತು. ಕಾಫಿ ಲೋಟ ಕೈಗೆ ಕೊಟ್ಟು ಬೆನ್ನು ತಿರುಗಿಸುವಷ್ಟರಲ್ಲಿ ಅಮ್ಮನೇ ಶುರು ಮಾಡಿದಳು. "ಇವತ್ತಲ್ವಾ ಆ ಸಿನಿಮಾನ ಹಾಕಿ ಕೇಳೋದು?" "ನೋಡ್ಬೇಕು. ಫಿಲ್ಮು ಯಾವ ಸ್ಥಿತೀಲಿದೆಯೋ ಏನೋ." "ಯಾವ ಸ್ಥಿತೀಲಿದ್ರೆ ನಂಗೇನು, ನಾನೇನು ನೋಡ್ತೀನಾ? ಕಿವಿಗೆ ಬಿದ್ರೆ ಸಾಕು." ಎಪ್ಪತ್ತಮೂರು ವರ್ಷದ ಬಾಯಿಂದ ಪ್ರತಿಯೊಂದು ಅಕ್ಷರವೂ ಈಗಷ್ಟೇ ತೊಳೆದಿಟ್ಟ ಹಾಗೆ ಹೊರಗೆ ಬರುತ್ತಿತ್ತು. ಈ ವಿಷಯವನ್ನು ಮನೆಯಲ್ಲಿ ಬಾಯಿಬಿಟ್ಟಿದ್ದೇ ತಪ್ಪಾಯಿತು ಎಂದುಕೊಂಡು ಅವಳು ಚಪ್ಪಲಿ ಮೆಟ್ಟಿಕೊಂಡಳು. ಹದಿನೈದು ದಿನದಿಂದ ಹೀಗೇ ಅಂದುಕೊಳ್ಳುತ್ತಿದ್ದಳು, ಅಂದುಕೊಂಡಷ್ಟೇ ಸಲ ಎದೆಯೊಳಗೆ ಏನೋ ಹಿಗ್ಗುತ್ತಲೂ ಇತ್ತು.

ಮೆಟ್ಟಿಲಿಳಿಯುವಾಗ ಮೇಲ್ಮನೆಯಾಕೆ ಎದುರಾಗಿ, "ನಿಮ್ಮಮ್ಮನ ದನಿ ಸಿಕ್ಕಿತಂತೆ?" ಎಂದಳು, ಕಳೆದುಹೋದ ಓಲೆಯ ಬಗ್ಗೆ ಕೇಳುವ ಹಾಗೆ. ಅಂದರೆ ಅಮ್ಮ ಕಟ್ಟಡಕ್ಕೆಲ್ಲ ಸಾರಿಬಿಟ್ಟಿದ್ದಾಳೆ. "ಇನ್ನೂ ಇಲ್ಲ," ಎಂದು ಗೊಣಗಿ ಅವಳು ಬೀದಿಗೆ ಬಂದಳು. ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಬ ಹಿಡಿದು ನಿಂತವಳಿಗೆ ಮೇಲ್ಮನೆಯಾಕೆಯ ತುಟಿಯ ಕೊನೆಯಲ್ಲಿದ್ದ ಸಣ್ಣ ನಗು ಕಾಣುತ್ತಲೇ ಇತ್ತು. ಅದು ಅವಳಿಗೆ ಹೊಸದಲ್ಲ. ಅವಳು ಹನ್ನೊಂದು ವರ್ಷದವಳಿದ್ದಾಗ ಓಣಿಗೆಲ್ಲ ಒಂದೇ ಟೀವಿ. ಟೀವಿಯಿದ್ದ ಮನೆಯ ಹಾಲಿನಲ್ಲಿ ಇಪ್ಪತ್ತೈದು ಮೂವತ್ತು ಜನ ನೆಲದ ಮೇಲೆ ಕೂತಿದ್ದರು, ಅಮ್ಮನನ್ನು ಮಾತ್ರ ಸೋಫಾದ ಮೇಲೆ ಕೂರಿಸಿದ್ದರು. ಯಾಕೆಂದರೆ ಆವತ್ತು ಬರುವ ಸಿನಿಮಾದಲ್ಲಿ ನಾಯಕಿಗೆ ದನಿ ಕೊಟ್ಟವಳು ಅಮ್ಮ. ನಾಯಕಿಗೆ ಆಗ ಭಾಷೆ ನೆಟ್ಟಗೆ ಬರುತ್ತಿರಲಿಲ್ಲ, ತುಟಿ ಅವಳದು, ಮಾತೆಲ್ಲ ನಂದು ಎಂದು ಅಮ್ಮ ವರ್ಷಗಟ್ಟಲೆ ಹೇಳಿದ್ದಳು. ಅನ್ನಕ್ಕಿಡುವಾಗ, ಬಟ್ಟೆ ಹಿಂಡುವಾಗ, ಆ ನಾಯಕಿಯ ಮೊದಲ ಮಾತನ್ನು ಎಷ್ಟೋ ಸಲ ಆಡಿ ತೋರಿಸಿದ್ದಳು: "ಬಾಗಿಲು ಹಾಕಿರಲಿಲ್ಲ, ಅದಕ್ಕೇ ಒಳಗೆ ಬಂದೆ." ನಾಯಕಿ ಮೆಟ್ಟಿಲ ಮೇಲೆ ಬಂದು ನಿಂತಳು, ಬಾಯಿ ತೆರೆದಳು, ಅದೇ ಮಾತು ಬಂತು, ದನಿ ಬೇರೆ ಯಾರದೋ. ಇಡೀ ಹಾಲು ಅಮ್ಮನ ಕಡೆ ತಿರುಗಿತು. "ಇದೇ ಸಿನಿಮಾನಾ ನೀವು ಹೇಳಿದ್ದು?" ಎಂದು ಆ ಮನೆಯಾಕೆ ತುಂಬ ಮೆತ್ತಗೆ ಕೇಳಿದಳು. "ಬದಲಾಯಿಸಿದ್ದಾರೆ," ಎಂದಳು ಅಮ್ಮ. ಯಾರೋ ಕಿಸಕ್ಕನೆ ನಕ್ಕರು. ಆ ನಗು ತನ್ನ ಮೇಲೆ ಬೀಳುವ ಮುಂಚೆ ಪಕ್ಕಕ್ಕೆ ಸರಿದುಕೊಳ್ಳಬೇಕು ಅನ್ನಿಸಿ ಅವಳು, ಹನ್ನೊಂದು ವರ್ಷದವಳು, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದ್ದಳು: "ಅಮ್ಮ ಯಾವಾಗ್ಲೂ ಹೀಗೇ, ಬುರುಡೆ ಬಿಡ್ತಾಳೆ." ಅಮ್ಮ ಸಿನಿಮಾ ಮುಗಿಯುವವರೆಗೂ ಸೋಫಾದ ಮೇಲೆ ಕೂತೇ ಇದ್ದಳು. ಮನೆಗೆ ಬಂದು ಊಟಕ್ಕೆ ಬಡಿಸಿದಳು. ಆ ಮಾತಿನ ಬಗ್ಗೆ ಆವತ್ತೂ ಏನೂ ಅನ್ನಲಿಲ್ಲ, ಇವತ್ತಿನವರೆಗೂ ಅಂದಿಲ್ಲ.

ಹಳೆಯ ಸಿನಿಮಾಗಳ ದನಿ ರಿಪೇರಿ ಮಾಡುವ ಕೆಲಸಕ್ಕೆ ಅವಳು ಸೇರಿದ್ದು ಇದಕ್ಕಾಗಿ ಅಲ್ಲ. ಕೆಲಸ ಸಿಕ್ಕಿತು, ಸೇರಿದಳು. ಆದರೆ ಮೂವತ್ತೆರಡನೇ ವಯಸ್ಸಿನಲ್ಲಿ ಒಂದು ದಿನ ಕ್ಯಾಂಟೀನಿನಲ್ಲಿ ಮುದಿ ರೆಕಾರ್ಡಿಸ್ಟ್ ಒಬ್ಬರು ಮಾತಿನ ಮಧ್ಯೆ ಹೇಳಿದ್ದರು: ಆ ಸಿನಿಮಾ ಮೊದಲು ಬಂದಾಗ ನಾಯಕಿಗೆ ಬೇರೆ ಹುಡುಗಿ ದನಿ ಕೊಟ್ಟಿದ್ದಳು, ಎಂಟು ವರ್ಷದ ಮೇಲೆ, ನಾಯಕಿ ದೊಡ್ಡ ಹೆಸರು ಮಾಡಿದ ಮೇಲೆ, ತನ್ನ ದನಿಯಲ್ಲೇ ಮತ್ತೆ ಡಬ್ ಮಾಡಿ ಇನ್ನೊಂದು ಸಲ ಬಿಡುಗಡೆ ಮಾಡಿಸಿದಳು, ಹಳೇ ಸೌಂಡನ್ನ ಎಸೆದರು. ಹುಡುಗಿ ಯಾರು ಎಂದು ಅವಳು ಕೇಳಲಿಲ್ಲ. ಕೇಳುವ ಅಗತ್ಯವೇ ಕಾಣಲಿಲ್ಲ. ತಟ್ಟೆ ಅರ್ಧಕ್ಕೇ ಬಿಟ್ಟು ಮನೆಗೆ ಬಂದು, "ಅಮ್ಮ, ನೀನು ಹೇಳಿದ್ದು ನಿಜ. ಬದಲಾಯಿಸಿದ್ದಾರೆ," ಎಂದಿದ್ದಳು. "ನಂಗೆ ಗೊತ್ತಿತ್ತಲ್ಲ," ಎಂದಿದ್ದಳು ಅಮ್ಮ. ಅಲ್ಲಿಗೆ ಕ್ಷಮೆ ಕೇಳಬೇಕಾಗಿತ್ತು. ನಾಲಿಗೆ ಏಳಲಿಲ್ಲ. ಕೇಳುವ ಬದಲು ಹುಡುಕಿ ತಂದು ಕೈಗಿಡುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡಳು, ಹದಿನೈದು ವರ್ಷ ಅಂದುಕೊಳ್ಳುತ್ತಲೇ ಇದ್ದಳು. ಈ ವರ್ಷ ಆಫೀಸಿನವರೇ ಆ ಸಿನಿಮಾವನ್ನು ಮೊದಲ ದಿನ ಜನ ಟಾಕೀಸಿನಲ್ಲಿ ನೋಡಿದ ಹಾಗೆ, ಅದೇ ಬಣ್ಣ ಅದೇ ದನಿಯಲ್ಲಿ, ಮತ್ತೆ ತಯಾರು ಮಾಡಬೇಕು ಎಂದಾಗ, ಮುಚ್ಚಿಹೋದ ಟಾಕೀಸುಗಳಿಗೆಲ್ಲ ಫೋನು ಮಾಡಿದವಳು, ಕಾಗದ ಬರೆದವಳು ಅವಳೇ. ಅಮ್ಮನೂ ಆ ಸಿನಿಮಾವನ್ನು ಟಾಕೀಸಿನಲ್ಲಿ ನೋಡಿರಲಿಲ್ಲ. ಡಬ್ಬಿಂಗ್ ಮಾಡುವಾಗಲೇ ಇವಳು ಹೊಟ್ಟೆಯಲ್ಲಿದ್ದಳು. ಬಿಡುಗಡೆಯ ಹೊತ್ತಿಗೆ ಹಾಸಿಗೆ ಬಿಟ್ಟು ಏಳಬಾರದು ಎಂದು ಡಾಕ್ಟರು ಹೇಳಿದ್ದರು. ಎದ್ದು ಓಡಾಡುವ ಹೊತ್ತಿಗೆ ಸಿನಿಮಾ ಊರು ಬಿಟ್ಟಿತ್ತು. "ನಿನ್ನ ದೆಸೆಯಿಂದ," ಎಂದು ಅಮ್ಮ ತಮಾಷೆಗೆ ಅನ್ನುತ್ತಿದ್ದಳು.

ಮೊದಲ ಬಿಡುಗಡೆಯ ಪ್ರಿಂಟು ಸಿಕ್ಕಿದ್ದು ಗೋಡೌನಾಗಿ ಹೋದ ಒಂದು ಟಾಕೀಸಿನ ಹಿಂದೆ, ಎರಡು ಕೋಣೆಯ ಮನೆಯಲ್ಲಿ. ಅಲ್ಲಿ ಆ ಟಾಕೀಸಿನ ಮುದಿ ಆಪರೇಟರ್ ಒಬ್ಬನೇ ಇದ್ದ. ಹೋದ ವಾರ ಅವಳು, ಆಫೀಸಿನಲ್ಲಿ ಬಣ್ಣ ಸರಿಮಾಡುವವನು, ಇಬ್ಬರೂ ಹೋಗಿದ್ದರು. ಮಂಚದ ಕೆಳಗಿಂದ ತಗಡಿನ ಡಬ್ಬಗಳನ್ನು ಒಂದೊಂದಾಗಿ ಎಳೆದಾಗ ಹುಳಿ ವಾಸನೆ ಮೂಗಿಗೆ ಬಡಿಯಿತು, ಫಿಲ್ಮು ಕೊಳೆಯಲು ಶುರುವಾದ ವಾಸನೆ. "ಹಂಚಿಕೆದಾರ ಅಂಗಡಿ ಮುಚ್ಕೊಂಡು ಹೋದ. ವಾಪಸ್ ಕೇಳೋರೇ ಬರಲಿಲ್ಲ," ಎಂದ ಆಪರೇಟರ್. "ಬಣ್ಣದ ಆಸೆ ಬಿಟ್ಬಿಡಿ. ಎಲ್ಲಾ ಕೆಂಪಗಾಗಿದೆ. ಸೌಂಡಿಗೇನೂ ಆಗಿಲ್ಲ, ನಾನು ಅಂಚಿನ ಸೌಂಡ್ ಗೆರೆ ನೋಡಿದೀನಿ." ಬಣ್ಣದವನು ಪುಸ್ತಕ ತೆರೆದು ಅವನ ಮುಂದೆ ಕುಕ್ಕರಗಾಲಲ್ಲಿ ಕೂತ. "ಹೀರೋಯಿನ್ನು ಮೊದಲ್ನೇ ಸಲ ಮೆಟ್ಟಿಲ ಮೇಲೆ ಬಂದು ನಿಲ್ತಾಳಲ್ಲ, ಆಗ ಅವಳ ಬಟ್ಟೆ ಯಾವ ಬಣ್ಣ ಕಾಣ್ತಿತ್ತು?" ಮುದುಕ ಕಣ್ಣು ಮುಚ್ಚಿಕೊಂಡ. "ಹಸಿರು. ಎಲೆ ಹಸಿರಲ್ಲ. ತೊಟ್ಟೀಲಿ ಬಹಳ ದಿನ ನೀರು ನಿಂತ್ರೆ ಒಳಗಡೆ ಕಟ್ಟುತ್ತಲ್ಲ, ಆ ಥರ." ಬಣ್ಣದವನು ಖುಷಿಯಿಂದ ಬರೆದುಕೊಂಡ. ಮುದುಕ ಕಣ್ಣು ಬಿಟ್ಟು, "ಆದ್ರೆ ನಮ್ಮ ಲ್ಯಾಂಪು ಹಳದಿ ಹೊಡೀತಿತ್ತು ಸ್ವಾಮಿ. ಬೇರೆ ಟಾಕೀಸಲ್ಲಿ ನೀಲಿ ಇದ್ದಿರಬಹುದು," ಎಂದ. ಆಗ ಅವಳು ತಡೆಯಲಾರದೆ ಕೇಳಿದಳು. "ಅವಳ ದನಿ ನೆನಪಿದೆಯಾ ನಿಮಗೆ?" "ನೆನಪಿಲ್ದೆ ಏನು? ಹನ್ನೊಂದು ವಾರ, ದಿನಕ್ಕೆ ಮೂರು ಆಟ. ಚೂರು ಒಡಕು ದನಿ. ಈಗ ತಾನೇ ಅತ್ತು ಮುಗಿಸಿ ಬಂದವಳ ಥರ." "ಅದು ನಮ್ಮಮ್ಮ," ಎಂದಳು ಅವಳು. ಹೇಳಿದ ಮೇಲೆ ನಾಚಿಕೆಯಾಯಿತು. ಮುದುಕ ಅವಳನ್ನು ಮೇಲಿಂದ ಕೆಳಗೆ ನೋಡಿ, "ಹಾಗಾದ್ರೆ ಬಟ್ಟೆ ಬಣ್ಣ ಅವರನ್ನೇ ಕೇಳಬಹುದಿತ್ತಲ್ಲ," ಎಂದ. ವಾಪಸು ಬರುವಾಗ ದಾರಿಯುದ್ದಕ್ಕೂ ಒಡಕು ಎಂಬ ಮಾತು ಕಾಲಿಗೆ ಸಿಕ್ಕ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಅಮ್ಮನ ದನಿಯಲ್ಲಿ ಒಡಕೆಂಬುದೇ ಇಲ್ಲ. ಮುದುಕನ ಕಿವಿ, ಆ ಕಾಲದ ಸ್ಪೀಕರು, ಏನೋ ಇರಬೇಕು ಎಂದುಕೊಂಡಳು.

ಆಫೀಸಿನಲ್ಲಿ ಎಲ್ಲರೂ ಅವಳನ್ನು ಕರೆಯುವುದು "ಕಿವಿ" ಎಂದು. "ಕಿವಿ ಬಂದಳು, ರೀಲು ತೊಳೆದಿಟ್ಟಿದೀನಿ," ಎಂದ ಬಣ್ಣದವನು. ಅವಳ ಕೋಣೆಗೆ ಕಿಟಕಿಯಿಲ್ಲ. ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು. ಫಿಲ್ಮಿನ ಅಂಚಿನಲ್ಲಿ ಗರಗಸದ ಹಲ್ಲಿನ ಹಾಗೆ ಓಡುವ ದನಿಯ ಗೆರೆಯನ್ನು ಯಂತ್ರ ಓದಿ ಹೆಡ್‌ಫೋನಿಗೆ ಕಳಿಸುತ್ತದೆ. ಮೊದಲನೆಯ ರೀಲಿನಲ್ಲಿ ನಾಯಕಿಯಿಲ್ಲ, ಆದರೂ ಅವಳು ಅದನ್ನು ಪೂರ್ತಿ ಕೇಳಿದಳು, ಊಟದಲ್ಲಿ ಇಷ್ಟವಾದದ್ದನ್ನು ಕೊನೆಗೆ ಉಳಿಸಿಕೊಳ್ಳುವವರ ಹಾಗೆ. ಎರಡನೆಯ ರೀಲು. ಸುಯ್ಯೆನ್ನುವ ಸದ್ದು, ನಡುನಡುವೆ ಚಟ್ ಎನ್ನುವ ಗೀರು. ಪರದೆಯ ಮೇಲೆ ಮೆಟ್ಟಿಲು, ಗೋಡೆ, ಆಕಾಶ ಎಲ್ಲ ಒಂದೇ ಕೆಂಪು, ಬೆಂದು ಚರ್ಮ ಸುಲಿದ ಮೈಯ ಹಾಗೆ. ನಾಯಕಿ ಬಂದು ನಿಂತಳು. "ಬಾಗಿಲು ಹಾಕಿರಲಿಲ್ಲ, ಅದಕ್ಕೇ ಒಳಗೆ ಬಂದೆ." ಅವಳು ನಿಲ್ಲಿಸಿದಳು. ಯಂತ್ರ ನಿಧಾನವಾಗಿ ಓಡುತ್ತಿದೆ ಎಂದುಕೊಂಡಳು. ವೇಗ ನೋಡಿದಳು, ಸರಿಯಾಗಿಯೇ ಇತ್ತು. ಆದರೂ ಚೂರು ಹೆಚ್ಚಿಸಿ ಕೇಳಿದಳು, ಇಳಿಸಿ ಕೇಳಿದಳು. ಸುಯ್ ಸದ್ದು ತೆಗೆದು ಕೇಳಿದಳು. ಒಡಕು ದನಿ. ಮಾತಿನ ಕೊನೆಗೆ ಉಸಿರು ಸಾಲದೆ ಸೋರಿಹೋಗುವ ದನಿ. ನಲವತ್ತೇಳು ವರ್ಷ ಒಂದೇ ಮನೆಯಲ್ಲಿ ಕೇಳಿದ ದನಿಯನ್ನು ಕಿವಿ ಮರೆಯುತ್ತದೆಯೇ? ಅಮ್ಮ ಮಾತಿಗೆ ಮುಂಚೆ ಮೂಗಿನಿಂದ ಚುರುಕಾಗಿ ಉಸಿರೆಳೆದುಕೊಳ್ಳುತ್ತಾಳೆ, ನಾಲಿಗೆ ಮಡಿಸಿ ಳಕಾರವನ್ನು ಭದ್ರವಾಗಿ ಒತ್ತುತ್ತಾಳೆ. ಇವಳು ಬಾಯಿಂದ ಉಸಿರೆಳೆಯುತ್ತಾಳೆ, ಒಳಗೆ ಎನ್ನುವಾಗ ಳಕಾರ ಅರ್ಧಕ್ಕೇ ಜಾರುತ್ತದೆ. ಇದು ನಾಯಕಿಯ ದನಿಯೂ ಅಲ್ಲ. ಮೂರನೆಯವಳು ಯಾರೋ.

ಮಧ್ಯಾಹ್ನದವರೆಗೆ ಅವಳು ಎದ್ದೇಳಲಿಲ್ಲ. ಮೂರನೆಯದು, ನಾಲ್ಕನೆಯದು, ಐದನೆಯದು, ಒಂದಾದರೂ ಮಾತು ಅಮ್ಮನದು ಇರಬೇಕೆಂದು ರೀಲಿನ ಮೇಲೆ ರೀಲು ಹಾಕಿದಳು. ಎಲ್ಲದರಲ್ಲೂ ಅದೇ ಒಡಕು ದನಿ ಅಳುತ್ತಿತ್ತು, ನಗುತ್ತಿತ್ತು, ಬೇಡಿಕೊಳ್ಳುತ್ತಿತ್ತು. ಚೆನ್ನಾಗಿಯೂ ಇತ್ತು, ಅದು ಇನ್ನೂ ಕಷ್ಟವಾಗಿತ್ತು. ಹಾಗಾದರೆ ಟೀವಿಯ ಮುಂದೆ ನಾನು ಹೇಳಿದ್ದೇ ನಿಜವಾಗಿತ್ತೇ ಎಂಬ ಯೋಚನೆ ಬಂತು. ಅದರ ಹಿಂದೆಯೇ, ಹೌದಾದರೆ ಮೂವತ್ತಾರು ವರ್ಷದ ಭಾರ ಇಳಿಯಿತು ಎಂಬ ಇನ್ನೊಂದು ಯೋಚನೆಯೂ ಬಂತು. ಆ ಎರಡನೆಯದು ಬಂದದ್ದಕ್ಕೆ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಒಂಬತ್ತನೆಯ ರೀಲಿನಲ್ಲಿ ಆಸ್ಪತ್ರೆಯ ದೃಶ್ಯ. ಬಾಗಿಲ ಬಳಿ ನರ್ಸೊಬ್ಬಳು, ಕ್ಯಾಮರಾಕ್ಕೆ ಬೆನ್ನು ಹಾಕಿ ನಿಂತವಳು: "ಹೊರಗೆ ನಿಂತ್ಕೊಳ್ಳಿ, ಒಳಗೆ ಒಬ್ಬರೇ ಇರಬೇಕು." ಅವಳು ನಿಲ್ಲಿಸಿ ಇನ್ನೊಮ್ಮೆ ಕೇಳಿದಳು. ಮೂಗಿನಿಂದ ಎಳೆದುಕೊಂಡ ಉಸಿರು, ಒತ್ತಿ ಹೇಳಿದ ಳಕಾರ. ಇಪ್ಪತ್ತಾರು ವರ್ಷದ ಅಮ್ಮ. ಇಡೀ ಸಿನಿಮಾದಲ್ಲಿ ಅಷ್ಟೇ, ಒಂದು ಮಾತು, ಮುಖವೂ ಕಾಣದ ನರ್ಸಿನ ಬಾಯಲ್ಲಿ.

ಬಣ್ಣದವನು ಬಾಗಿಲು ತಳ್ಳಿಕೊಂಡು ಬಂದ. "ಬಟ್ಟೆಗೆ ಹಸಿರೇ ಕೊಟ್ಟೆ ಕಣೆ. ಅಲ್ಲ ಅನ್ನೋಕೆ ಯಾರಿದ್ದಾರೆ?" ಎಂದವನು ಅವಳ ಮುಖ ನೋಡಿ ಏನಾಯಿತೆಂದು ಕೇಳಿದ. ಅವಳು ಹೇಳಿದಳು. ಅವನು ಹೆಡ್‌ಫೋನ್ ಹಾಕಿಕೊಂಡು ಎರಡನ್ನೂ ಕೇಳಿದ, ಕುತ್ತಿಗೆ ಉಜ್ಜಿಕೊಂಡ. "ನಿನ್ನ ಹತ್ರ ಅಮ್ಮನ ದನಿ ರೆಕಾರ್ಡಿಂಗು ಇರುತ್ತಲ್ಲ. ಈಗಿನ ಸಾಫ್ಟ್‌ವೇರಿಗೆ ಎರಡು ದಿನದ ಕೆಲಸ. ಹೀರೋಯಿನ್ ಬಾಯಿಗೆ ಅಮ್ಮನ ದನಿ ಕೂರಿಸಿ ಒಂದು ಪ್ರತಿ ಮಾಡು. ಅಮ್ಮನಿಗೆ ಮಾತ್ರ. ಹೊರಗೆ ಹೋಗೋದು ಹೇಗಿದೆಯೋ ಹಾಗೇ ಹೋಗುತ್ತೆ." "ಅದು ಮೋಸ ಅಲ್ವಾ?" "ನಾನು ದಿನಾ ಮಾಡ್ತಿರೋದು ಇನ್ನೇನು?" ಎಂದ, ನಗದೆ. ಅವನು ಹೋದ ಮೇಲೆ ಅವಳು ಫೋನಿನಲ್ಲಿದ್ದ ಅಮ್ಮನ ಸಂದೇಶಗಳನ್ನು ಒಂದೊಂದಾಗಿ ತೆರೆದಳು. ಬರುವಾಗ ಬಿ.ಪಿ. ಮಾತ್ರೆ ತಗೊಂಡು ಬಾ. ನಲ್ಲಿಯವನು ಬರಲೇ ಇಲ್ಲ ನೋಡು. ನೀನು ಊಟ ಮಾಡಿದ್ಯಾ? ಮಾಡಿದ್ಯಾ ಅಂತ ಕೇಳಿದ್ದು, ಹೂಂ ಅನ್ನೋಕೂ ಪುರುಸೊತ್ತಿಲ್ವಾ? ಈ ಮಾತುಗಳನ್ನು ಕತ್ತರಿಸಿ ಹೊಲಿದು ಇಪ್ಪತ್ತಾರರ ಹುಡುಗಿಯನ್ನು ಮಾಡಬೇಕು. ಕೈ ಮೇಲೇಳಲಿಲ್ಲ. ಇಲ್ಲ, ಪ್ರಿಂಟು ಪೂರ್ತಿ ಹಾಳಾಗಿದೆ, ದನಿ ಕೇಳಿಸಲ್ಲ ಎಂದುಬಿಡುತ್ತೇನೆ ಎಂದು ತೀರ್ಮಾನಿಸಿದಳು. ಆದರೂ ಎರಡನೆಯ ಮತ್ತು ಒಂಬತ್ತನೆಯ ರೀಲಿನ ದನಿಯನ್ನು ಯಾಕೋ ಫೋನಿಗೆ ಹಾಕಿಕೊಂಡು ಹೊರಟಳು.

ಸಂಜೆ ಐದೂವರೆಗೆ ಮನೆ ಸೇರಿದಾಗ ಅಮ್ಮ ಅದೇ ಕುರ್ಚಿಯಲ್ಲಿದ್ದಳು. ಅವಳು ನೀರು ಕುಡಿದು, ಲೋಟ ತೊಳೆದಿಟ್ಟು, ಬೆನ್ನು ಹಾಕಿ ನಿಂತುಕೊಂಡೇ, "ಹಾಳಾಗಿದೆ ಅಮ್ಮ. ಏನೂ ಕೇಳಿಸಲ್ಲ, ಬರೀ ಗೊರಗೊರ," ಎಂದಳು. ಅಮ್ಮ, "ಮೂಗಲ್ಲಿ ಮಾತಾಡ್ತಿದ್ದೀಯ," ಎಂದಳು. "ಚಿಕ್ಕಂದಿನಿಂದ ಹಾಗೇ ನೀನು, ಸುಳ್ಳು ಹೇಳುವಾಗ ದನಿ ಮೂಗಿಗೆ ಏರುತ್ತೆ. ತಾ, ಹಾಕು." "ಬೇಡ ಅಮ್ಮ." "ಎಷ್ಟು ವರ್ಷ ಆಯ್ತು ಅಂತ ಲೆಕ್ಕ ಇದೆಯಾ ನಿಂಗೆ? ಹಾಕು ಅಂದೆ."

ಅವಳು ಅಮ್ಮನ ಕೂದಲು ಸರಿಸಿ ಹೆಡ್‌ಫೋನನ್ನು ಕಿವಿಗೆ ಕೂರಿಸಿದಳು. ಎರಡನೆಯ ರೀಲು ಹತ್ತು ನಿಮಿಷ. ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ, ಅಮ್ಮನ ಮುಖ ಮಾತ್ರ ಕಾಣುತ್ತಿತ್ತು. ಯಾವ ಕ್ಷಣದಲ್ಲಿ ನಾಯಕಿ ಬಾಯಿ ತೆರೆದಳೆಂದು ಅವಳಿಗೆ ಗೊತ್ತಾಯಿತು, ಯಾಕೆಂದರೆ ಅಮ್ಮನ ತುಟಿ ಆ ಮಾತನ್ನು ಆಡಲು ಅಲುಗಾಡಿ ಮಧ್ಯಕ್ಕೇ ನಿಂತಿತು. ಆಮೇಲೆ ಅಮ್ಮ ಅಲುಗಾಡಲಿಲ್ಲ. ರೀಲು ಮುಗಿಯುವವರೆಗೂ ಕೇಳಿ, ಹೆಡ್‌ಫೋನ್ ತೆಗೆದು, ತಂತಿಯನ್ನು ಬೆರಳಿಗೆ ಸುತ್ತುತ್ತ, "ಇದು ಗುಬ್ಬಿ," ಎಂದಳು.

"ಯಾವ ಗುಬ್ಬಿ?"

"ಗುಬ್ಬಿ ಅಂತ ಕರೀತಿದ್ವಿ. ನನ್ನ ಜೊತೇಲೇ ಡಬ್ಬಿಂಗಿಗೆ ಬರ್ತಿದ್ಲು, ಇಷ್ಟೇ ಇದ್ಲು. ನಾನು ಆರು ದಿನ ಹೇಳಿದ್ದೆ. ಏಳನೇ ದಿನ, ನಿನ್ನ ಭಾಗ ಎಲ್ಲ ಮುಗೀತು, ಹೊಟ್ಟೇಲಿ ಮಗು ಇದೆ, ಮನೇಲಿರು ಅಂದ್ರು. ಗುಬ್ಬೀನ ಮಾತ್ರ ಇರಿಸ್ಕೊಂಡ್ರು. ಯಾರೋ ಮುದುಕಿ ಪಾತ್ರದ್ದು ಎರಡು ಮಾತು ಉಳಿದಿದೆ ಅಂತ ಹೇಳಿದ್ರು. ಹೇಳ್ಸಿದ್ದು ನನ್ನ ಮಾತೆಲ್ಲಾನೂ ಅಂತ ಈಗ ಗೊತ್ತಾಯ್ತು." ಅಮ್ಮ ಸುತ್ತಿದ ತಂತಿಯನ್ನು ಬಿಚ್ಚಿದಳು. "ನೀನು ಹುಟ್ಟಿದ ಮೇಲೆ ನೋಡೋಕೆ ಬಂದಿದ್ಲು. ಅಲ್ಲೇ, ಬಾಗಿಲ ಹತ್ರ, ನಿನ್ನ ಎತ್ತಿಕೊಂಡು ನಿಂತು ಅತ್ತಿದ್ದೇ ಅತ್ತಿದ್ದು. ಅವಳಿಗೆ ಮಕ್ಕಳಿರಲಿಲ್ಲ. ಅದಕ್ಕೇ ಅಳ್ತಾಳೆ ಅಂದ್ಕೊಂಡು ನಾನೇ ಸಮಾಧಾನ ಮಾಡಿದೆ." "ಆಮೇಲೆ?" "ಆಮೇಲೆ ಬರಲಿಲ್ಲ. ಎರಡು ಸಲ ಕರೆ ಕಳಿಸಿದೆ, ಬರಲಿಲ್ಲ. ಏನೋ ಕೊಬ್ಬು ಅಂತ ಬೈಕೊಂಡೆ. ಸತ್ತಾಗಲೂ ನಾನು ಹೋಗಲಿಲ್ಲ."

"ಅಮ್ಮ, ಇದು ಕೇಳು. ಇದು ನೀನು," ಎಂದು ಅವಳು ಆತುರದಿಂದ ಒಂಬತ್ತನೆಯ ರೀಲಿನ ನರ್ಸಿನ ಮಾತನ್ನು ಹಾಕಿದಳು. ಅಮ್ಮ ಒಮ್ಮೆ ಕೇಳಿದಳು. ಇನ್ನೊಮ್ಮೆ ಹಾಕಲೇ ಎಂದರೆ ಬೇಡವೆಂದು ತಲೆಯಾಡಿಸಿದಳು. "ಇದನ್ನ ಹೇಳಿದ್ದೇ ನಂಗೆ ನೆನಪಿಲ್ಲ," ಎಂದಳು. "ಯಾರೋ ಬಂದಿರಲಿಲ್ಲ ಅಂತ ಹೇಳ್ಸಿರಬೇಕು." ನರ್ಸಿನ ಒಂದು ಮಾತನ್ನು ಕಿತ್ತುಕೊಳ್ಳುವುದಕ್ಕೆ ಯಾರೂ ತೊಂದರೆ ತೆಗೆದುಕೊಂಡಿರಲಿಲ್ಲ, ಅದಕ್ಕೇ ಉಳಿದಿತ್ತು ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆದಿರಬೇಕು, ಇಬ್ಬರೂ ನೆಲ ನೋಡಿದರು. ಅವಳು ಕುರ್ಚಿಯ ಪಕ್ಕದಲ್ಲಿ ಮಂಡಿಯೂರಿದಳು. ಹದಿನೈದು ವರ್ಷ ಏಳದಿದ್ದ ನಾಲಿಗೆ ಈಗ, ಹೊತ್ತಲ್ಲದ ಹೊತ್ತಿನಲ್ಲಿ, ಎದ್ದಿತು. "ಅಮ್ಮ, ಆವತ್ತು ಟೀವಿ ನೋಡುವಾಗ ಎಲ್ಲರ ಮುಂದೆ ನಾನು..." "ಬಿಡು," ಎಂದಳು ಅಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಅಂದಿದ್ದು ಈಗ ಸುಳ್ಳೇನೂ ಆಗಲಿಲ್ಲವಲ್ಲ."

ಮೇಲ್ಮನೆಯಲ್ಲಿ ಯಾರೋ ಕುರ್ಚಿ ಎಳೆದ ಸದ್ದಾಯಿತು. ಅಮ್ಮ ಎದ್ದು ಹೋಗಿ ತುಂಬ ಹೊತ್ತು ಮುಖ ತೊಳೆದುಕೊಂಡು ಬಂದಳು. ವಾಪಸು ಕುರ್ಚಿಯಲ್ಲಿ ಕೂತು, ಯಾವುದೋ ಬೇರೆ ಕೆಲಸದ ವಿಷಯ ಮಾತಾಡುವವಳ ಹಾಗೆ, "ಸಿನಿಮಾದ ಶುರುವಿಗೆ ದನಿ ಯಾರದು ಅಂತ ಹಾಕ್ತೀರಾ ನೀವು?" ಎಂದು ಕೇಳಿದಳು. "ಹಾಕ್ತೀವಿ. ಗೊತ್ತಿದ್ರೆ ಹಾಕ್ತೀವಿ." "ಮೊದಲು ಬಂದಾಗ ಯಾರ ಹೆಸರೂ ಹಾಕಿರಲಿಲ್ಲ. ಡಬ್ಬಿಂಗಿನವರ ಹೆಸರು ಹಾಕೋ ಪದ್ಧತಿ ಇರಲಿಲ್ಲ." ಸ್ವಲ್ಪ ಹೊತ್ತು ತನ್ನ ಅಂಗೈ ನೋಡಿಕೊಂಡಳು. "ಚೆನ್ನಾಗಿ ಹೇಳಿದ್ದಾಳೆ. ನಾನು ಅಷ್ಟು ಅತ್ತಿರಲಿಲ್ಲ ಆ ಪಾತ್ರಕ್ಕೆ. ನಂದು ಬರೀ ಅಕ್ಷರ ಸ್ಪಷ್ಟ." ಆಮೇಲೆ, "ಬರ್ಕೋ," ಎಂದು ಗುಬ್ಬಿಯ ನಿಜವಾದ ಹೆಸರು ಹೇಳಿದಳು, ತಂದೆಯ ಹೆಸರನ್ನೂ ಸೇರಿಸಿ. ಅವಳು ಕೈಗೆ ಸಿಕ್ಕ ಔಷಧಿ ಚೀಟಿಯ ಹಿಂದೆ ಬರೆದುಕೊಂಡಳು. ಅಕ್ಷರಗಳು ಕಣ್ಣಿನಲ್ಲಿ ಕಲಸಿಹೋಗುತ್ತಿದ್ದವು. "ಕೊಡಿಲ್ಲಿ," ಎಂದು ಅಮ್ಮ ಚೀಟಿ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಓದಿದಳು.

"ಮಧ್ಯದ ಅಕ್ಷರ ಮಹಾಪ್ರಾಣ. ಹೊಟ್ಟೆ ಸೀಳಿಲ್ಲ ನೀನು."

ಅವಳು ಪೆನ್ನು ತೆಗೆದುಕೊಂಡು ಅಕ್ಷರದ ಹೊಟ್ಟೆ ಸೀಳಿದಳು. ಅಮ್ಮ ಇನ್ನೊಮ್ಮೆ, ಸಣ್ಣ ದನಿಯಲ್ಲಿ, ಆ ಹೆಸರನ್ನು ಮೊದಲಿಂದ ಕೊನೆಯವರೆಗೆ ಸ್ಪಷ್ಟವಾಗಿ ಓದಿ, ಚೀಟಿಯನ್ನು ಮಡಿಸಿ ಮಗಳ ಕೈಗೆ ಕೊಟ್ಟಳು.